ಶನಿವಾರದ ಕನ್ನಡಕ

ಅಮ್ಮನ ಕೆಂಪು ಕ್ಯಾನ್ವಾಸ್ ಬೂಟುಗಳನ್ನು ಮಗಳು ಬೀರುವಿನ ಹಿಂದಕ್ಕೆ ತಳ್ಳುತ್ತಿದ್ದಾಗ ಎದುರುಮನೆಯ ಔಷಧಿ ಅಂಗಡಿಯಾಕೆ ಒಳಗೆ ಬಂದರು. ಒಂದು ಬೂಟು ಆಗಲೇ ಗೋಡೆಗೆ ತಾಗಿ ಸಿಕ್ಕಿಕೊಂಡಿತ್ತು. ಇನ್ನೊಂದು ಕೈಯಲ್ಲೇ ಉಳಿಯಿತು. ಹಿಮ್ಮಡಿಯ ಕಡೆ ಅದರ ತಳ ರಟ್ಟಿನಷ್ಟು ತೆಳ್ಳಗೆ ಸವೆದಿತ್ತು. ಕಣ್ಣು ಮಂಜಾದ ಮುದುಕಿ ಇಷ್ಟೊಂದು ನಡೆದದ್ದೆಲ್ಲಿ ಎಂದು ಯಾರಾದರೂ ಕೇಳಿಯಾರು ಎಂಬುದೇ ಅವಳ ಭಯ.

ಮಗಳು ಅದನ್ನೂ ಬೀರುವಿನ ಹಿಂದಕ್ಕೆ ಜಾರಿಸಿದ್ದನ್ನು ಔಷಧಿ ಅಂಗಡಿಯಾಕೆ ಗಮನಿಸಲಿಲ್ಲ. ಮನೆಯಿಂದ ತಂದ ಎರಡು ಡಜನ್ ಲೋಟಗಳನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಒಂದೊಂದನ್ನೇ ಒರೆಸುತ್ತಾ, ಅಮ್ಮನ ಯಾವ ಕಣ್ಣಿಗೆ ಆಪರೇಷನ್ ಆಗಿದ್ದು, ಬಲದ್ದಲ್ಲವೇ ಎಂದು ಕೇಳಿದರು.

“ಎಡದ್ದು,” ಎಂದಳು ಮಗಳು. ಹೇಳಿದ ಮೇಲೆ ನೆನಪಾಯಿತು, ಸ್ಕೂಲಿನ ಹೆಡ್ ಮೇಡಂಗೆ ಬಲದ್ದು ಎಂದಿದ್ದಳು.

“ಪಾಪ. ಎರಡು ವರ್ಷ ಒಂದು ಶನಿವಾರ ತಪ್ಪಿಸದೆ ಆಸ್ಪತ್ರೆಗೆ ಹೋದ ಜೀವ. ಕಡೆಗೆ ನಿದ್ದೇಲೇ ಹೋಗಿಬಿಟ್ರು ನೋಡಿ,” ಎಂದು ಆಕೆ ನಿಟ್ಟುಸಿರುಬಿಟ್ಟರು.

ಅಮ್ಮ ಹೋದದ್ದು ಹಿಂದಿನ ದಿನ ಬೆಳಗಿನ ಜಾವ. ಇವತ್ತು ಶನಿವಾರ. ಮಧ್ಯಾಹ್ನ ಮೂರಕ್ಕೆ ಸ್ಮಶಾನದ ಗಾಡಿ ಬರುವುದಿತ್ತು. ಮುಂದಿನ ಕೋಣೆಯಲ್ಲಿ ಕುತ್ತಿಗೆಯ ತನಕ ಬಿಳಿ ಹೊದಿಕೆ ಹೊದಿಸಿ ಅಮ್ಮನನ್ನು ಮಲಗಿಸಿದ್ದರು. ಮಗಳ ಗಂಡ ಪಕ್ಕದ ಮನೆಗಳಿಂದ ಕುರ್ಚಿ ತರುತ್ತಿದ್ದ. ಎಲ್ಲ ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಒಂಬತ್ತೂವರೆಗೆ ಅಮ್ಮನ ಫೋನು ಹೊಡೆದುಕೊಂಡಿತು.

ದಿಂಬಿನ ಕೆಳಗಿದ್ದ ಫೋನನ್ನು ತೆಗೆದು ಅವಳು ಕಿವಿಗಿಟ್ಟಳು.

“ಕಾಜಾ, ಎಲ್ಲಿದೀರಾ? ಹತ್ತೊಂಬತ್ತನೇ ನಂಬರ್ ಹೊರಡೋಕೆ ಹತ್ತೇ ನಿಮಿಷ ಇರೋದು. ನಮ್ಮ ಡ್ರೈವರ್ ಆಗ್ಲೇ ಹತ್ತಿ ಕೂತು, ಬಸ್ಸಿನ ಡ್ರೈವರಿಗೆ ಪಾಠ ಶುರು ಮಾಡಿದಾರೆ. ಬೇಗ ಬನ್ನಿ, ಇಲ್ದಿದ್ರೆ ಇಬ್ರೂ ಹೊಡೆದಾಡ್ತಾರೆ.”

ವಯಸ್ಸಾದ ಹೆಂಗಸಿನ ದನಿ. ಹಿಂದೆ ಬಸ್ಸಿನ ಇಂಜಿನು ಗುರುಗುಡುತ್ತಿತ್ತು. ಅಮ್ಮನನ್ನು ಯಾರೋ ಕಾಜಾ ಎಂದು ಕರೆಯುತ್ತಾರೆಂದು ಮಗಳಿಗೆ ಗೊತ್ತೇ ಇರಲಿಲ್ಲ. ನಾನು ಅವರ ಮಗಳು ಎಂದು ಶುರುಮಾಡಿ, ಹೇಳಬೇಕಾದ್ದನ್ನು ಎರಡು ಮಾತಿನಲ್ಲಿ ಹೇಳಿದಳು. ಆ ಕಡೆ ಯಾರನ್ನೋ ಬಸ್ಸಿನಿಂದ ಇಳಿಯಲು ಕರೆದದ್ದು ಕೇಳಿಸಿತು. ಆಮೇಲೆ ಆ ಹೆಂಗಸು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಮನೆ ಯಾವ ಕಡೆ ಎಂದು ಕೇಳಿದಳು.

ಬರಬೇಡಿ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಔಷಧಿ ಅಂಗಡಿಯಾಕೆ ಲೋಟ ಒರೆಸುತ್ತಾ ನಿಂತಿದ್ದರು. ಅವಳು ದಾರಿ ಹೇಳಿದಳು.

“ಯಾರದು?”

“ಆಸ್ಪತ್ರೆಯೋರು,” ಎಂದಳು ಮಗಳು.

*

ಅಮ್ಮ ಮೂವತ್ತೊಂದು ವರ್ಷ ಒಂದು ಸಮವಸ್ತ್ರದ ಕಾರ್ಖಾನೆಯಲ್ಲಿ ಕಾಜಾ ಹಾಕಿದವಳು. ಅಂಗಿಯ ಗುಂಡಿ ತೂರುವ ಕಿಂಡಿಗೆ ಸುತ್ತಲೂ ಬಿಗಿಯಾಗಿ ದಾರ ಹೊಲಿಯುವುದೇ ಅವಳ ಕೆಲಸ. ಸಾಧಾರಣ ಅಂಗಿಗಳಿಗೆ ಯಂತ್ರವಿತ್ತು. ಅಧಿಕಾರಿಗಳ ಕೋಟುಗಳು ಮಾತ್ರ ಕೈಹೊಲಿಗೆಗೆ ಬರುತ್ತಿದ್ದವು. ಆ ಮೇಜಿನಲ್ಲಿ ಒಂದೇ ಕಟ್ಟಳೆ: ದಾರದ ಗಂಟು ಎಲ್ಲಿದೆ ಎಂದು ಯಾರಿಗೂ ಗೊತ್ತಾಗಬಾರದು. ತಪಾಸಣೆಯವನು ಉಗುರಿನಿಂದ ಸುತ್ತಲೂ ಸವರಿ ನೋಡುತ್ತಿದ್ದ. ಗಂಟು ಉಗುರಿಗೆ ಸಿಕ್ಕರೆ ಕೋಟು ವಾಪಸ್ಸು. ಮೂವತ್ತೊಂದು ವರ್ಷದಲ್ಲಿ ತನ್ನದು ಮೂರೇ ಮೂರು ಕೋಟು ವಾಪಸ್ಸು ಬಂದದ್ದು, ಅದೂ ನೀನು ಹುಟ್ಟಿದ ವರ್ಷ, ನಿದ್ದೆ ಇರಲಿಲ್ಲವಲ್ಲ ಎಂದು ಅಮ್ಮ ಮಗಳಿಗೆ ಹೇಳುತ್ತಿದ್ದಳು.

ನಿವೃತ್ತಿಯಾದ ಮೊದಲ ಶನಿವಾರ ಅಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಸಿಟಿ ನೋಡಿಕೊಂಡು ಬರುತ್ತೇನೆ ಎಂದಳು. ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಇಷ್ಟು ವರ್ಷದಲ್ಲಿ ಅವಳು ಸಿಟಿಗೆ ಹೋದದ್ದು ನಾಲ್ಕೋ ಐದೋ ಸಲ. ಅದೂ ಮದುವೆಗೆ, ಸಾವಿಗೆ, ಗಂಡನ ಆಸ್ಪತ್ರೆಗೆ. ಸಂಜೆ ಕಾಲು ಊದಿಸಿಕೊಂಡು ಬಂದವಳನ್ನು ಏನು ನೋಡಿದೆ ಎಂದು ಮಗಳು ಕೇಳಿದ್ದಕ್ಕೆ, ಏನೂ ಇಲ್ಲ, ಸುಮ್ಮನೆ ನೋಡಿದೆ ಎಂದಿದ್ದಳು. ಮುಂದಿನ ಶನಿವಾರವೂ ಹೋದಳು. ಅದರ ಮುಂದಿನದಕ್ಕೂ. ಒಂದೂವರೆ ತಿಂಗಳಾಗುವಷ್ಟರಲ್ಲಿ ಅವಳ ಮಾತಿನಲ್ಲಿ ಒಬ್ಬ ಡ್ರೈವರ್, ಒಬ್ಬಳು ಟೈಪಿಸ್ಟ್, ಗಡಿಯಾರ ರಿಪೇರಿ ಮಾಡುತ್ತಿದ್ದ ವಾಚಿನವರೊಬ್ಬರು ಸುಳಿಯತೊಡಗಿದರು. ಎಲ್ಲರೂ ನಿವೃತ್ತರು. ಬಸ್ ನಿಲ್ದಾಣದ ಒಂದೇ ಬೆಂಚಿನಲ್ಲಿ ಕೂತು ಕೂತು ಪರಿಚಯವಾದವರು. ಅವರು ಒಂದು ಆಟ ಹೂಡಿಕೊಂಡಿದ್ದರು. ಸಿಟಿ ಬಸ್ಸುಗಳನ್ನು ಒಂದನೇ ನಂಬರಿನಿಂದ ಹಿಡಿದು ಕ್ರಮವಾಗಿ ಹತ್ತುವುದು, ಕೊನೆಯ ಸ್ಟಾಪಿನ ತನಕ ಹೋಗುವುದು, ಅಲ್ಲಿ ಏನಿದೆಯೋ ನೋಡುವುದು, ಬುತ್ತಿ ಬಿಚ್ಚಿ ತಿಂದು ಅದೇ ಬಸ್ಸಿನಲ್ಲಿ ವಾಪಸ್ಸು. ಚೆನ್ನಾಗಿದ್ದ ನಂಬರಿಗೆ ಎಷ್ಟು ಸಲ ಬೇಕಾದರೂ ಹೋಗಬಹುದು, ಬಿಟ್ಟು ಮುಂದಕ್ಕೆ ಹಾರುವ ಹಾಗಿಲ್ಲ.

“ಅಂಥಾದ್ದೇನಿರುತ್ತಮ್ಮ ಅಲ್ಲಿ?” ಎಂದು ಮಗಳು ಒಮ್ಮೆ ರೇಗಿದ್ದಳು.

“ಏಳನೇ ನಂಬರಿಂದು ಬರೀ ಗೋಡೆ,” ಅಮ್ಮ ಖುಷಿಯಲ್ಲಿ ಹೇಳಿದ್ದಳು. “ಇಷ್ಟುದ್ದದ ಗೋಡೆ. ಆ ಕಡೆ ಏನಿದೆ ಅಂತ ನಾವು ನಾಲ್ಕು ಜನಾನೂ ಯೋಚನೆ ಮಾಡಿದ್ವಿ, ಗೊತ್ತಾಗ್ಲಿಲ್ಲ. ಒಂದು ಶನಿವಾರ ನೀನೂ ಬಾರೇ.”

ಪೇಪರ್ ತಿದ್ದುವುದಿದೆ, ಮುಂದಿನ ವಾರ ನೋಡೋಣ ಎಂದಿದ್ದಳು ಮಗಳು. ಆಮೇಲೂ ಎಷ್ಟೋ ಸಲ ಹಾಗೆಯೇ ಅಂದಳು.

ಒಂದು ದಿನ ಸ್ಟಾಫ್ ರೂಮಿನಲ್ಲಿ ಹೆಡ್ ಮೇಡಂ ನಗುನಗುತ್ತಾ ಕೇಳಿದರು: “ಏನು ಟೀಚರ್, ನಿಮ್ಮ ತಾಯಿ ಶನಿವಾರ ಶನಿವಾರ ಸಿಂಗಾರ ಮಾಡ್ಕೊಂಡು ರೈಲು ಹತ್ತುತಾರಂತೆ. ಅಲ್ಲಿ ಯಾರಾದ್ರೂ ಗಂಟುಬಿದ್ದಿದಾರಾ ಹೇಗೆ?” ಸುತ್ತ ಇದ್ದವರೆಲ್ಲ ನಕ್ಕರು. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಮಗಳು ಕೈಯಲ್ಲಿದ್ದ ಪೇಪರುಗಳ ಕಟ್ಟನ್ನು ಮೇಜಿನ ಮೇಲೆ ತಟ್ಟಿ ಜೋಡಿಸಿದಳು. ಸ್ನೇಹಿತರಿದ್ದಾರೆ ಎಂದಿದ್ದರೆ ಮುಗಿಯುತ್ತಿತ್ತು. ಅವಳ ಬಾಯಿಂದ ಬಂದದ್ದು ಬೇರೆ. ಕಣ್ಣಿಗೆ ತೋರಿಸುವುದಕ್ಕೆ ಹೋಗುತ್ತಾರೆ, ನರದ ತೊಂದರೆ, ವಾರವಾರವೂ ಹೋಗಬೇಕು ಎಂದಳು. ನಗು ನಿಂತಿತು. ಹೆಡ್ ಮೇಡಂ ಅವಳ ಭುಜ ಮುಟ್ಟಿದರು.

ಸಣ್ಣ ಊರು. ನಾಲ್ಕು ದಿನಕ್ಕೆ ಸುದ್ದಿ ಅಮ್ಮನನ್ನೇ ತಲುಪಿತು. ಅಂಗಡಿಯಿಂದ ಬಂದ ಅಮ್ಮ ಚೀಲದಿಂದ ಕ್ಯಾರೆಟ್ಟು ತೆಗೆದಿಟ್ಟಳು. ಎದುರುಮನೆಯಾಕೆ ಕೊಟ್ಟರು, ಕಣ್ಣಿಗೆ ಒಳ್ಳೇದಂತೆ ಎಂದಳು. ಮಗಳು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದವಳು ತಿರುಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

“ನನ್ನ ಕಣ್ಣಿಗೇನಾಗಿದೆ?” ಎಂದು ಅಮ್ಮ ಒಂದು ಸಲ ಕೇಳಿದಳು. ಮತ್ತೆ ಕೇಳಲಿಲ್ಲ.

ಆ ಶನಿವಾರ ಅಮ್ಮನ ಕೈಯಲ್ಲಿ ಒಂದು ಕಪ್ಪು ಕನ್ನಡಕವಿತ್ತು. ಕಣ್ಣಿನ ಆಪರೇಷನ್ ಆದವರು ಹಾಕಿಕೊಳ್ಳುವಂಥದ್ದು, ಪಕ್ಕಕ್ಕೂ ಕಪ್ಪು ಮುಚ್ಚಿಗೆ ಇರುವಂಥದ್ದು. ಬಾಗಿಲ ಪಕ್ಕದಲ್ಲಿ ನಿಂತು ಅದನ್ನು ಹಾಕಿಕೊಂಡು, ಗೋಡೆ ಸವರಿಕೊಂಡು ಮೆಟ್ಟಿಲಿಳಿದಳು. ಎದುರುಮನೆಯಾಕೆ ಓಡಿಬಂದು ಕೈಹಿಡಿದು ರಸ್ತೆ ದಾಟಿಸಿದರು. ಕಿಟಕಿಯಿಂದ ಮಗಳು ನೋಡಿದಳು. ಕೂಗಿ ನಿಲ್ಲಿಸಲು ಒಂದು ಕ್ಷಣ ಸಾಕಿತ್ತು. ಅವಳು ಪರದೆ ಎಳೆದಳು.

ಎರಡು ವರ್ಷ ಹಾಗೆಯೇ ನಡೆಯಿತು. ಸಂಜೆ ಬಂದು ಅಮ್ಮ ಕನ್ನಡಕವನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸುವಳು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

*

ಹನ್ನೆರಡೂವರೆಗೆ ಮೂವರೂ ಬಂದರು. ಶನಿವಾರದ ತಿರುಗಾಟಕ್ಕೆ ಹೊರಟ ಬಟ್ಟೆಯಲ್ಲೇ ಬಂದಿದ್ದರು. ಡ್ರೈವರ್ ಎಂಬ ದಪ್ಪಗಿನ ಮುದುಕ ಹಳದಿ ಹೂಗಳ ಅಂಗಿ ಹಾಕಿದ್ದ. ವಾಚಿನವರ ತಲೆಯ ಮೇಲೆ ಬಿಸಿಲಿನ ಟೋಪಿಯಿತ್ತು. ಒಳಗೆ ಬರುವಾಗ ಅದನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡರು. ಟೈಪಿಸ್ಟಳ ಹೆಗಲಿನ ಚೀಲದಿಂದ ಬುತ್ತಿಡಬ್ಬಿಯ ಹಿಡಿ ಇಣುಕುತ್ತಿತ್ತು. ಮುಂದಿನ ಕೋಣೆಯಲ್ಲಿ ಕೂತಿದ್ದವರೆಲ್ಲ ಮೊದಲು ಆ ಹೂವಿನ ಅಂಗಿಯನ್ನು ನೋಡಿದರು.

ಡ್ರೈವರ್ ಮಗಳ ಬಳಿ ಬಂದು ತಗ್ಗಿದ ದನಿಯಲ್ಲಿ ಕ್ಷಮೆ ಕೇಳಿದ. ಮನೆಗೆ ಹೋಗಿ ಬಟ್ಟೆ ಬದಲಿಸಿದ್ದರೆ ರೈಲು ತಪ್ಪುತ್ತಿತ್ತು ಎಂದ. ಆಮೇಲೆ ಮೂವರೂ ಅಮ್ಮನ ಪಕ್ಕದಲ್ಲಿ, ಬೆಂಚಿನ ಮೇಲೆ ಕೂತ ಕ್ರಮದಲ್ಲೇ ಇರಬೇಕು, ಸಾಲಾಗಿ ನಿಂತರು. ಟೈಪಿಸ್ಟಳ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿದಿತ್ತು.

“ಕಾಜಾ,” ಎಂದ ಡ್ರೈವರ್, “ನಾವು ಹತ್ತೊಂಬತ್ತನ್ನ ಬಿಟ್ಟು ಬಂದಿದೀವಿ ಕಣ್ರೀ.”

ಅಷ್ಟು ಹೇಳಿ ಅವನು ಗೋಡೆಗೆ ಕೈ ಊರಿದ. ಯಾರೋ ಕುರ್ಚಿ ಕೊಟ್ಟರು. ವಾಚಿನವರು ಗೋಡೆಯ ಗಡಿಯಾರವನ್ನೇ ನೋಡುತ್ತಾ ನಿಂತಿದ್ದರು. ಏಳು ನಿಮಿಷ ಹಿಂದಿದೆ ಎಂದು ಕಾಜಾ ಹೇಳಿದ್ದರು, ಸರಿಮಾಡಬಹುದೇ ಎಂದು ಮಗಳ ಗಂಡನನ್ನು ಕೇಳಿದರು. ಸ್ಟೂಲು ಬಂತು.

ಟೈಪಿಸ್ಟ್ ತಲೆಯೆತ್ತಿ ಮಗಳನ್ನು ನೋಡಿದಳು. ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದವಳು ಮತ್ತೆ ನೋಡಿದಳು. ಮಗಳು ಲೋಟಗಳ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

*

ಎಂಟು ತಿಂಗಳ ಹಿಂದೆ ಸ್ಕೂಲಿನವರಿಗೆ ಸಿಟಿಯಲ್ಲಿ ಒಂದು ಶನಿವಾರ ತರಬೇತಿ ಇತ್ತು. ಮುಗಿಸಿಕೊಂಡು ಹೆಡ್ ಮೇಡಂ ಜೊತೆ ಮಗಳು ಬಸ್ ನಿಲ್ದಾಣದ ಒಳಗೆ ಬರುತ್ತಿದ್ದಳು. ಹೆಡ್ ಮೇಡಂ ತಲೆ ಬಗ್ಗಿಸಿ ಫೋನು ನೋಡುತ್ತಿದ್ದರು.

ಎದುರಿನ ಬೆಂಚಿನಲ್ಲಿ ಅಮ್ಮ ಕೂತಿದ್ದಳು. ಕನ್ನಡಕ ಇರಲಿಲ್ಲ. ಒಬ್ಬ ದಪ್ಪ ಮನುಷ್ಯ ಎದ್ದುನಿಂತು, ಇಲ್ಲದ ಸ್ಟೇರಿಂಗ್ ಹಿಡಿದು, ಯಾರೋ ಬ್ರೇಕು ಒತ್ತಿದ್ದನ್ನು ನಟಿಸಿ ತೋರಿಸುತ್ತಿದ್ದ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಿದ್ದಳು. ಅವಳ ಬಾಯಲ್ಲಿ ಹಿಂದೆ ಎರಡು ಹಲ್ಲು ಇಲ್ಲವೆಂಬುದು ಮಗಳಿಗೆ ಆಗಲೇ ಗೊತ್ತಾದದ್ದು. ಮನೆಯಲ್ಲಿ ಅಮ್ಮ ಅಷ್ಟು ಬಾಯಿಬಿಟ್ಟು ನಕ್ಕದ್ದಿಲ್ಲ.

ಅಮ್ಮ ಮಗಳನ್ನು ನೋಡಿದಳು. ಮುಖ ಅರಳಿತು, ಕೈ ಅರ್ಧ ಮೇಲಕ್ಕೆದ್ದಿತು. ಆಗ ಪಕ್ಕದ ಹೆಡ್ ಮೇಡಂ ಕಣ್ಣಿಗೆ ಬಿದ್ದರು. ಎತ್ತಿದ ಕೈ ಚೀಲದೊಳಕ್ಕೆ ಹೋಯಿತು. ಕಪ್ಪು ಕನ್ನಡಕ ಮೂಗಿನ ಮೇಲೇರಿತು. ಅಮ್ಮ ಪಕ್ಕದ ಹೆಂಗಸಿನ ಮೊಣಕೈ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಕುರುಡರು ಕೂರುವ ಹಾಗೆ ಮುಖವನ್ನು ಸ್ವಲ್ಪ ಮೇಲೆತ್ತಿ ಕೂತಳು.

ಫೋನಿನಿಂದ ಕಣ್ಣೆತ್ತಿದ ಹೆಡ್ ಮೇಡಂ, ಅದು ನಿಮ್ಮ ತಾಯಿ ಅಲ್ಲವೇ, ಮಾತಾಡಿಸೋಣವೇ ಎಂದರು.

ಆ ಜನರು ಯಾರು, ಇಲ್ಲೇಕೆ ಕೂತಿದ್ದಾರೆ ಎಂಬ ಪ್ರಶ್ನೆಗಳೆಲ್ಲ ಬರುತ್ತವೆ. ಮಗಳು ಹೇಳಿದಳು: “ಬೇಡ ಮೇಡಂ. ಜೊತೆಗೆ ನರ್ಸ್ ಇದಾರೆ. ಕಣ್ಣಿಗೆ ಔಷಧಿ ಬಿಟ್ಟಿರ್ತಾರೆ, ಅವರಿಗೀಗ ಯಾರೂ ಕಾಣ್ಸಲ್ಲ.”

ಅಮ್ಮನ ಮುಂದೆಯೇ ಅವರು ಹಾದುಹೋದರು. ಕೈಚಾಚಿದರೆ ಸಿಗುವಷ್ಟು ಹತ್ತಿರ. ತೆರೆದ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆಗಳಿದ್ದವು. ಅಮ್ಮ ಕದಲಲಿಲ್ಲ.

ಸಂಜೆ ತನ್ನ ಮಾಮೂಲು ರೈಲಿಗೇ ಅಮ್ಮ ಬಂದಳು. ಕನ್ನಡಕವನ್ನು ಮೊಳೆಗೆ ತಗುಲಿಸಿ, ತರಬೇತಿ ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು ಎಂದಳು ಮಗಳು. ಕಾಲು ನೋವು ಬಂದಿರಬೇಕು, ಕೂತುಕೋ ಎಂದು ಅಮ್ಮನೇ ಬಿಸಿನೀರು ಕಾಯಿಸಿ ತಂದಳು.

*

ಟೈಪಿಸ್ಟ್ ಅಡುಗೆಮನೆಗೆ ಬಂದು, ಕೇಳದೆಯೇ, ತೊಳೆದ ಲೋಟಗಳನ್ನು ಒರೆಸತೊಡಗಿದಳು. ಕೋರ್ಟಿನಲ್ಲಿ ನಲವತ್ತು ವರ್ಷ ಬೇರೆಯವರ ಹೇಳಿಕೆ ಟೈಪು ಮಾಡಿದವಳು. ಮಾತು ನಿಧಾನ, ಒಂದಕ್ಷರ ಹೆಚ್ಚಿಲ್ಲ.

“ಕಾಜಾ ನಿಮ್ಮ ಫೋಟೋ ತೋರಿಸ್ತಿದ್ರು,” ಎಂದಳು. “ಸ್ಕೂಲಲ್ಲಿ ಮಕ್ಕಳ ಮಧ್ಯೆ ನಿಂತಿರೋದು. ಪ್ರತಿ ವಾರಾನೂ. ನೋಡಿ ಆಯ್ತು ಮಾರಾಯ್ತಿ ಅಂದ್ರೂ ಬಿಡ್ತಿರಲಿಲ್ಲ.”

ಮಗಳು ನಲ್ಲಿ ತಿರುಗಿಸಿದಳು.

“ಒಂದು ಸಲ ಸ್ಟ್ಯಾಂಡಲ್ಲಿ ಇದ್ದಕ್ಕಿದ್ದ ಹಾಗೆ ಕಪ್ಪು ಕನ್ನಡಕ ಹಾಕ್ಕೊಂಡು ನನ್ನ ಮೊಣಕೈ ಹಿಡ್ಕೊಂಡ್ರು. ಸ್ವಲ್ಪ ಹೊತ್ತು ನನಗೆ ಕಣ್ಣು ಕಾಣಲ್ಲ ಅಂದ್ಕೊಳಿ ಅಂದ್ರು. ಇಬ್ರು ಹೆಂಗಸರು ಮುಂದೆ ಹೋದ್ರು. ಆಮೇಲೆ ಕೇಳಿದೆ. ಮಗಳ ಸ್ಕೂಲಿನೋರು ಅಂದ್ರು. ಅದರಲ್ಲೊಬ್ರು ನಿಮ್ಮ ಮಗಳ ಹಾಗೇ ಇದ್ರಲ್ಲ, ಫೋಟೋದಲ್ಲಿರೋ ಹಾಗೆ, ಅಂದೆ. ಅದಕ್ಕೆ ಕಾಜಾ, ‘ಅವಳಾಗಿದ್ರೆ ನಿಲ್ತಿದ್ಲು. ನಿಮ್ಮ ಡಬ್ಬಿಲಿ ಒಂದು ಮೊಟ್ಟೆ ಉಳೀತಿರಲಿಲ್ಲ...’”

ಟೈಪಿಸ್ಟಳ ಮಾತು ಅಲ್ಲಿಗೆ ನಿಂತಿತು. ಅವಳು ಮಗಳ ಮುಖವನ್ನು ನೋಡುತ್ತಿದ್ದಳು. ಸಿಂಕಿನ ಲೋಟ ತುಂಬಿ ನೀರು ಮೇಲಿನಿಂದ ಹರಿಯುತ್ತಿತ್ತು. ಟೈಪಿಸ್ಟ್ ಕೈಚಾಚಿ ನಲ್ಲಿ ನಿಲ್ಲಿಸಿದಳು, ಲೋಟ ತೆಗೆದುಕೊಂಡು ಒರೆಸಿದಳು, ಒರೆಸಿದ್ದನ್ನು ಬೋರಲು ಹಾಕಿದಳು.

“ಬೇರೆ ಯಾರೋ ಇರ್ಬೇಕು,” ಎಂದಳು.

ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಮಾತು ಏರಿತು. ಹೆಡ್ ಮೇಡಂ ಬಂದಿದ್ದರು. ಅವರೂ ಔಷಧಿ ಅಂಗಡಿಯಾಕೆಯೂ ಡ್ರೈವರನ್ನು ನಡುವೆ ಕೂರಿಸಿಕೊಂಡಿದ್ದರು. ರೋಗಿಯೊಬ್ಬರ ಮನೆಯ ತನಕ ಬಂದಿದ್ದಾರಲ್ಲ, ಇಂಥ ಆಸ್ಪತ್ರೆ ಈ ಕಾಲದಲ್ಲಿ ಎಲ್ಲಿದೆ ಎಂದು ಹೆಡ್ ಮೇಡಂ ಹೊಗಳುತ್ತಿದ್ದರು. ಡ್ರೈವರನ ಬಾಯಿ ತೆರೆದೇ ಇತ್ತು.

“ಆಸ್ಪತ್ರೆನಾ? ಕಣ್ಣಿಗಾ?” ಎಂದ ಅವನು. “ಕಾಜಾ ಕಣ್ಣಿಗೇನಾಗಿತ್ತು? ಸ್ಟ್ಯಾಂಡಿನ ಆ ತುದೀಲಿ ಬಸ್ಸು ತಿರುಗೋಕೆ ಮುಂಚೆ ನಂಬರ್ ಹೇಳ್ತಿದ್ರು. ನಾನು ಡ್ರೈವರ್, ನನಗೇ...”

ಕೋಣೆಯಲ್ಲಿದ್ದ ಹದಿನೈದು ಇಪ್ಪತ್ತು ಜನ ತಿರುಗಿದರು. ಅಡುಗೆಮನೆಯ ಬಾಗಿಲಿನಲ್ಲಿ ನಿಂತ ಮಗಳ ಕಡೆಗೆ ಹೆಡ್ ಮೇಡಂ ನೋಡಿದರು. ಮಗಳ ಹೆಗಲ ಪಕ್ಕದಿಂದ ಟೈಪಿಸ್ಟ್ ಮುಂದೆ ಬಂದಳು. ಹೇಳಿಕೆ ಓದುವವರ ಹಾಗೆ ಶಾಂತವಾಗಿ ಹೇಳಿದಳು:

“ಹೌದು, ನಾವು ಕಣ್ಣಿನ ಆಸ್ಪತ್ರೆಯೋರು. ಇವರಿಗೆ ಮರೆವು. ಡ್ರೈವರ್ ಸರ್, ನೀವು ಸುಮ್ಮನಿರಿ.”

ಡ್ರೈವರ್ ಅವಳನ್ನು ನೋಡಿದ, ಮಗಳನ್ನು ನೋಡಿದ. ಹೂವಿನ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ತಲೆ ತಗ್ಗಿಸಿದ. ಸ್ಟೂಲಿನ ಮೇಲಿದ್ದ ವಾಚಿನವರು ಗಡಿಯಾರದ ಮುಳ್ಳನ್ನು ಹಿಡಿದುಕೊಂಡೇ ನಿಂತರು. ಅಮ್ಮನಿಗಾಗಿ ಈ ಮೂವರೂ ಈಗ ಸುಳ್ಳಿಗೆ ನಿಂತಿದ್ದರು. ಒಪ್ಪಿಕೊಂಡು ಸುಮ್ಮನಿದ್ದರೆ ಸಾಕಿತ್ತು. ಮೂರು ಗಂಟೆಗೆ ಗಾಡಿ ಬಂದರೆ ಎಲ್ಲವೂ ಮುಗಿಯುತ್ತಿತ್ತು.

ಮಗಳು ಅಮ್ಮನ ಮುಖ ನೋಡಿದಳು. ಮುಚ್ಚಿದ ಕಣ್ಣು, ಸ್ವಲ್ಪ ಮೇಲೆತ್ತಿದ ಗಲ್ಲ. ಬೆಂಚಿನಲ್ಲಿ ಕೂತಿದ್ದ ಹಾಗೆಯೇ.

“ಇವರು ಆಸ್ಪತ್ರೆಯೋರಲ್ಲ,” ಎಂದಳು. “ಅಮ್ಮನ ಸ್ನೇಹಿತರು. ಅಮ್ಮನ ಕಣ್ಣು ಚೆನ್ನಾಗೇ ಇತ್ತು. ಇವರ ಜೊತೆ ಬಸ್ಸಲ್ಲಿ ತಿರುಗೋಕೆ ಹೋಗ್ತಿದ್ಲು. ನನಗೆ ನಾಚಿಕೆ ಆಯ್ತು. ನಾನೇ ಸುಳ್ಳು ಹೇಳಿದ್ದು. ಅವಳು ಅದನ್ನ ನಡೆಸಿಕೊಟ್ಲು.”

ಹೆಡ್ ಮೇಡಂ ಕೈಯಲ್ಲಿದ್ದ ಲೋಟವನ್ನು ನೆಲದ ಮೇಲಿಟ್ಟರು.

“ಅವತ್ತು ಸ್ಟ್ಯಾಂಡಲ್ಲಿ...” ಎಂದರು ಮೆಲ್ಲಗೆ.

“ನೋಡಿದ್ಲು ಮೇಡಂ. ನನ್ನನ್ನೂ ನೋಡಿದ್ಲು, ನಿಮ್ಮನ್ನೂ ನೋಡಿದ್ಲು.”

ಟೈಪಿಸ್ಟ್ ಗೋಡೆಯ ಕಡೆ ಮುಖ ತಿರುಗಿಸಿದಳು. ಔಷಧಿ ಅಂಗಡಿಯಾಕೆ, ಯಾರನ್ನೂ ಕೇಳದ ಹಾಗೆ ಕೇಳಿದರು: “ಹಾಗಾದ್ರೆ ಎರಡು ವರ್ಷ ನಾನು ಕೈಹಿಡಿದು ರಸ್ತೆ ದಾಟಿಸಿದ್ದು?”

ಡ್ರೈವರ್ ತಲೆಯೆತ್ತದೆ ಉತ್ತರಿಸಿದ. ನಮ್ಮೂರಲ್ಲಿ ಒಬ್ಬರು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡೀತಾರೆ ಅಂದ್ರೆ ಬಳೆ ಗುರುತು ಬೀಳುತ್ತೆ ಎಂದು ಕಾಜಾ ಹೇಳುತ್ತಿದ್ದರಂತೆ. ಕ್ಯಾರೆಟ್ಟುಗಳನ್ನು ಅವರೆಲ್ಲ ಬಸ್ಸಿನಲ್ಲಿ ತಿನ್ನುತ್ತಿದ್ದರಂತೆ, ತುಂಬಾ ಸಿಹಿ ಇರುತ್ತಿತ್ತಂತೆ. ಔಷಧಿ ಅಂಗಡಿಯಾಕೆಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡರು. ಮಗಳ ಕಡೆ ಮಾತ್ರ ಅವರು ನೋಡಲಿಲ್ಲ. ಗಾಡಿ ಬರುವ ತನಕವೂ ನೋಡಲಿಲ್ಲ.

*

ಮೂರಕ್ಕೆ ಸರಿಯಾಗಿ ಗಾಡಿ ಬಂತು. ಗಡಿಯಾರವೂ ಈಗ ಮೂರನ್ನೇ ತೋರಿಸುತ್ತಿತ್ತು. ಎತ್ತುವಾಗ ನಾಲ್ಕನೆಯವರು ಬೇಕಾಗಿ ಡ್ರೈವರ್ ಹೆಗಲು ಕೊಟ್ಟ. ಮಗಳು ಬೀರುವನ್ನು ಸರಿಸಿ ಬೂಟುಗಳನ್ನು ಹೊರಗೆ ತೆಗೆದಳು, ಧೂಳು ಕೊಡವಿದಳು, ಅಮ್ಮನ ಕಾಲ ಬಳಿ ಇಡಲು ಗಂಡನ ಕೈಗೆ ಕೊಟ್ಟಳು.

ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲ ಪಕ್ಕದ ಮೊಳೆಯಿಂದ ಕಪ್ಪು ಕನ್ನಡಕವನ್ನು ತೆಗೆದುಕೊಂಡಳು. ಎರಡು ವರ್ಷದಲ್ಲಿ ಅದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಕಿವಿಯ ಒಂದು ಕಡ್ಡಿ ಯಾವಾಗಲೋ ಮುರಿದಿತ್ತು. ಮುರಿದಲ್ಲಿ ಅಮ್ಮ ದಾರ ಸುತ್ತಿ ಹೊಲಿದಿದ್ದಳು. ಕಪ್ಪು ದಾರ, ಅಧಿಕಾರಿಗಳ ಕೋಟಿಗೆ ಹಾಕುವಂಥ ಕಾಜಾ ಹೊಲಿಗೆ, ಒಂದರ ಪಕ್ಕ ಒಂದು ಕೂದಲೆಳೆಯಷ್ಟೂ ಸಂದಿಲ್ಲದೆ.

ಹೊರಗೆ ಗಾಡಿಯ ಇಂಜಿನು ಶುರುವಾಯಿತು. ಟೈಪಿಸ್ಟ್ ತನ್ನ ಎಡಕ್ಕೆ ಜಾಗ ಬಿಟ್ಟು ಗೇಟಿನಲ್ಲಿ ಕಾಯುತ್ತಿದ್ದಳು. ಮಗಳು ಹೊಸ್ತಿಲಲ್ಲೇ ನಿಂತು ಹೊಲಿಗೆಯ ಸುತ್ತಲೂ ಉಗುರಿನಿಂದ ಸವರಿದಳು. ಒಂದು ಸುತ್ತು ಬಂತು. ಮತ್ತೊಂದು ಸುತ್ತು ಸವರಿದಳು. ಗಂಟು ಎಲ್ಲಿಯೂ ಸಿಗಲಿಲ್ಲ.